ಹಲ್ಲಿಗೆ ತುಂಬಿದ ಮೇಣ

ಹೊಲಿಗೆ ಯಂತ್ರದ ಮೇಲೆ ಬಗ್ಗಿದರೆ ಸಾಕು, ಅತ್ತೆ ಎಡಗೆನ್ನೆ ಒತ್ತಿಕೊಳ್ಳುತ್ತಿದ್ದರು. ಮೂಗಿನ ಎಡ ಹೊಳ್ಳೆಯಷ್ಟೇ ಸೋರುತ್ತಿತ್ತು. ಅಳತೆ ಕೊಡಲು ಬಂದವರು ದುರ್ವಾಸನೆ ತಾಳದೆ ಮುಖ ತಿರುಗಿಸುವುದನ್ನು ಗುಂಡಿ ಹೊಲಿಯುತ್ತ ಕೂತ ಸೊಸೆ ನೋಡುತ್ತಿದ್ದಳು. ವಾಸನೆ ಅತ್ತೆಯದೇ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇವತ್ತು ಅತ್ತೆಯ ಎಡಗಣ್ಣಿನ ಸುತ್ತ ಊದಿಕೊಂಡದ್ದು ಕಂಡು ಅವಳು ಹೊಲಿಗೆ ನಿಲ್ಲಿಸಿದಳು.

"ಯಾರ ಬಟ್ಟೆನೋ, ನಾತ ಹೊಡೀತಿದೆ" ಎಂದು ಅತ್ತೆ ಹೊಸ ಬಟ್ಟೆಯನ್ನೇ ಮೂಸಿದರು.

ಸಮವಸ್ತ್ರ ಒಯ್ಯಲು ಬಂದಿದ್ದ ನರ್ಸಮ್ಮ ಹಿಂದೆ ಸರಿಯಲಿಲ್ಲ. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಏನಮ್ಮಾ ಇದು?"

"ಬರೀ ಶೀತ. ಮಾತ್ರೆ ನುಂಗಿದ್ರೆ ಹೋಗುತ್ತೆ, ನೆಂಟರ ಹಾಗೆ ಮತ್ತೆ ಬರುತ್ತೆ."

"ಯಾವಾಗ್ಲೂ ಒಂದೇ ಬಾಗಿಲಿಗೆ ಬರೋ ನೆಂಟರೇ? ಎಲ್ಲಿ, ಬಾಯಿ ತೆಗೀರಿ."

ಎಡಗಡೆ ಮೇಲಿನ ದವಡೆ ಹಲ್ಲಿನ ತೂತಿನಲ್ಲಿ ಏನೋ ಮೆತ್ತಿತ್ತು. ಅತ್ತೆ ಬಾಯಿ ಮುಚ್ಚಿಕೊಂಡರು. ಸೊಸೆಯೇ ಹೇಳಿದಳು: "ದಾರಾನ ಹಲ್ಲಲ್ಲೇ ಕಡೀತಾರೆ. ಹಲ್ಲು ಒಡೆದು ಹುಳುಕಾಯ್ತು. ದಾರಕ್ಕೆ ಉಜ್ಜೋ ಮೇಣಾನೇ ತುಂಬಿಕೊಂಡಿದ್ದಾರೆ."

"ನೋವು ನಿಂತಿತಲ್ಲ!" ಅತ್ತೆ ರೇಗಿದರು.

ನರ್ಸಮ್ಮ ಬಿಡಿಸಿ ಹೇಳಿದರು: "ಒಳಗಿನ ನರ ಸತ್ತರೆ ನೋವು ನಿಲ್ಲುತ್ತೆ, ಕೀವು ನಿಲ್ಲಲ್ಲ. ಆ ಹಲ್ಲಿನ ಬೇರಿಗೂ ಕೆನ್ನೆ ಒಳಗಿನ ಸೈನಸ್ ಗೂಡಿಗೂ ನಡುವೆ ಇರೋದು ತೆಳ್ಳನೆ ಮೂಳೆ. ಸೋಂಕು ಅಲ್ಲಿಗೆ ಏರಿ ಮೂಗಲ್ಲಿ ಸೋರ್ತಿರಬೇಕು. ಹಲ್ಲು ಬಿಟ್ಟು ಮೂಗಿಗೆ ಮಾತ್ರ ಮದ್ದು ಮಾಡಿದ್ರೆ, ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದ ಹಾಗೆ. ಕಣ್ಣು ಬೇರೆ ಊದಿದೆ, ಈಗಲೇ ಆಸ್ಪತ್ರೆಗೆ ಹೊರಡಿ."

"ಅಯ್ಯೋ, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಂತೆ!"

"ಕಿತ್ತರೆ ಅಲ್ಲಮ್ಮಾ, ಹೀಗೇ ಬಿಟ್ಟರೆ ಕಣ್ಣಿಗೆ ಅಪಾಯ."

ಅತ್ತೆ ಕೈಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಮೆಲ್ಲಗೆ ಸೊಸೆಯತ್ತ ತಿರುಗಿದರು. "ನಿನಗೂ ವಾಸನೆ ಬರ್ತಿತ್ತೇನೇ?"

ಸೊಸೆ ತಲೆ ತಗ್ಗಿಸಿ ಹೂಂ ಎಂದಳು.

"ದಿನಾ ಪಕ್ಕದಲ್ಲೇ ಕೂತು ಉಣ್ತಿದ್ದೆಯಲ್ಲೇ ಹುಡುಗಿ!" ಅತ್ತೆ ಎದ್ದರು. "ನಡಿ, ಚಪ್ಪಲಿ ಮೆಟ್ಟಿಕೋ."

ಸ್ಕ್ಯಾನ್ ಮಾಡಿದ ಮೇಲೆ ದಂತವೈದ್ಯರೂ ಮೂಗಿನ ವೈದ್ಯರೂ ಸೇರಿ ನೋಡಿದರು. ಅತ್ತೆಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಔಷಧ ಕೊಟ್ಟರು, ಉಳಿಸಲಾಗದ ಆ ಹಲ್ಲನ್ನು ತೆಗೆದರು. ಊತ ಇಳಿಯುವವರೆಗೂ ಸೊಸೆ ಅತ್ತೆಯ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಕಣ್ಣು ಉಳಿಯಿತು.

ಈಗ ಅತ್ತೆಯ ಕೊರಳಲ್ಲಿ ಸೊಸೆ ಕಟ್ಟಿದ ಪುಟ್ಟ ಕತ್ತರಿ ತೂಗುತ್ತದೆ. ಯಾರಾದರೂ ದಾರವನ್ನು ಬಾಯಿಗೆ ಒಯ್ದರೆ ಸಾಕು, "ಏಯ್, ಇಲ್ಲಿ ಕೊಡು!" ಎನ್ನುತ್ತಾರೆ.

ಒಂದೇ ಕಡೆ ಮೂಗು ಸೋರಿ ದುರ್ವಾಸನೆ ಬರುತ್ತಿದ್ದರೆ, ಬಗ್ಗಿದಾಗ ಕೆನ್ನೆ ನೋಯುತ್ತಿದ್ದರೆ, ಹಲ್ಲು ನೋಯದಿದ್ದರೂ ದಂತವೈದ್ಯರಿಗೆ ತೋರಿಸಿ. ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ವಿಪರೀತ ತಲೆನೋವೂ ಜ್ವರವೂ ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಹತ್ತಿರದವರ ಬಾಯಿ ವಾಸನೆ ಬಂದರೆ ಮುಖ ತಿರುಗಿಸಬೇಡಿ, ಮೆಲ್ಲಗೆ ಹೇಳಿ. ಅವರ ಜೊತೆ ಆಸ್ಪತ್ರೆಗೂ ಹೋಗಿ.