ಬೇರೆ ಬಣ್ಣದ ಗುಂಡಿ

ರಕ್ತದ ಕೊಳವೆಯ ಮೇಲೆ ಎರಡು ಗುರುತು ಇರಲೇಬೇಕು. ಒಂದು ರೋಗಿಯ ಹೆಸರು, ಇನ್ನೊಂದು ಆಸ್ಪತ್ರೆ ಕೊಟ್ಟ ಸಂಖ್ಯೆ. ಎರಡೂ ಜೊತೆಗೆ ಬಂದ ಪರೀಕ್ಷೆಯ ಚೀಟಿಗೆ ತಾಳೆಯಾದರೆ ಕೊಳವೆ ಒಳಗೆ ಹೋಗುತ್ತದೆ, ಒಂದು ತಪ್ಪಿದರೂ ಬಂದ ದಾರಿ ಹಿಡಿಯುತ್ತದೆ. ಡಾಕ್ಟರು ಕಣ್ಣು ಕೆಂಪಗೆ ಮಾಡಲಿ, ನರ್ಸು ಗಲ್ಲ ಹಿಡಿದು ಬೇಡಲಿ, ಆ ಕಿಟಕಿಯ ಹಿಂದೆ ಕೂತವಳ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಪರದೇಶದ ಆ ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಸೇರಿದ ಮೊದಲ ವಾರ ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಹೋಗುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅಂದು ಹೊಕ್ಕ ಭಯ ವರ್ಷಗಳಾದರೂ ಇಳಿದಿರಲಿಲ್ಲ.

"ಇವಳಮ್ಮನೇ ಬಂದು ಕಿಟಕಿ ಮುಂದೆ ನಿಂತರೂ ಗುರುತಿನ ಕಾರ್ಡ್ ಕೇಳ್ತಾಳೆ" ಎಂದು ಅಕ್ಕ ನಗುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ವಾರ್ಡುಗಳಲ್ಲಿ ರಕ್ತ ತೆಗೆಯುವ ಕೆಲಸದವಳು, ವಯಸ್ಸಿನಲ್ಲಿ ಹಿರಿಯಳು, ಆ ಕಟ್ಟಡದಲ್ಲಿ ಕನ್ನಡ ಆಡುವ ಇನ್ನೊಂದೇ ಬಾಯಿ.

ಆ ಅಕ್ಕನಿಗೇ ಕಳೆದ ವರ್ಷ ಟೋಪಿ ಬಿತ್ತು. ಊರಿನಿಂದ ತಮ್ಮನ ದನಿಯಲ್ಲಿ ಫೋನು ಬಂತು. ಅದೇ ತೊದಲು, ಅದೇ "ಅಕ್ಕಯ್ಯ" ಎನ್ನುವ ಎಳೆತ. ಫೋನು ಕಳೆದುಹೋಗಿದೆ, ನಿನಗೊಂದು ಕೋಡ್ ಬರುತ್ತೆ, ಓದಿ ಹೇಳು ಎಂದಿತು ದನಿ. ಅಕ್ಕ ಓದಿ ಹೇಳಿದಳು. ಸಂಜೆಯೊಳಗೆ ಅವಳ ಮೇಲ್, ಅವಳ ಫೋಟೋಗಳು, ಅವಳ ಹೆಸರು ಎಲ್ಲವೂ ಯಾರದೋ ಕೈಸೇರಿ, ಗುರುತಿದ್ದವರಿಗೆಲ್ಲ ಅವಳೇ ಅತ್ತು ಸಹಾಯ ಬೇಡಿದ ಹಾಗೆ ಸಂದೇಶಗಳು ಹೋದವು. ನಿಜವಾದ ತಮ್ಮ ಆ ಹೊತ್ತಿಗೆ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದನಂತೆ. ದನಿಯನ್ನೂ ಈಗ ಯಂತ್ರದಲ್ಲಿ ತಯಾರಿಸುತ್ತಾರೆ ಎಂದು ಅಕ್ಕನಿಗೆ ಆಮೇಲೆ ಯಾರೋ ತಿಳಿಸಿದರು.

ಅಂದಿನಿಂದ ಲ್ಯಾಬಿನವಳಿಗೆ ತನ್ನ ಮನೆಗೂ ಎರಡು ಗುರುತು ಬೇಕೆನಿಸಿತು.

ಅವಳ ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಎತ್ತರದ ಕಟ್ಟಡಗಳ ಕತ್ತಲ ಬಾವಿಯಲ್ಲಿ ಹಗ್ಗ ಹಿಡಿದು ತೂಗಾಡಿ ಬರುವವನಿಗೆ ನೆಲದ ಮೇಲಿನ ಭಯಗಳೆಲ್ಲ ಹುಡುಗಾಟವಾಗಿ ಕಾಣುತ್ತಿದ್ದವು. ಹೆಂಡತಿಯನ್ನು ಪತ್ತೇದಾರಮ್ಮ ಎಂದು ಕರೆಯುತ್ತಿದ್ದ. ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಕಾನೂನು ಹೊರಡಿಸಿದಳು. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿರಕೂಡದು. ವೀಸಾ, ಪಾಸ್‌ಪೋರ್ಟ್ ಪ್ರತಿಗಳನ್ನು ಊರೆಲ್ಲ ಕಳಿಸುತ್ತ ಕೂರಕೂಡದು, ಬಂದ ಮೇಲ್‌ನಲ್ಲೇ ಇರಲಿ. ಬೇರೆ ನಂಬರಿನಿಂದ ಫೋನ್ ಬಂದರೆ ಒಂದು ಪ್ರಶ್ನೆ ಕೇಳಬೇಕು.

"ಏನಂತ?"

"ನಮ್ಮ ಮೊದಲನೇ ಮನೆ ಬಾಗಿಲು ಯಾವ ಬಣ್ಣ ಅಂತ."

"ಹಸಿರು. ನಾನೇ ಬಳಿದಿದ್ದು. ಇದ್ಯಾವ ಗುಟ್ಟು? ಬ್ರಷ್ ಹಿಡ್ಕೊಂಡು ನಿಂತಿರೋ ಫೋಟೋ ಲೋಕಕ್ಕೆಲ್ಲ ತೋರ್ಸಿದ್ದೀನಿ."

"ಅದಕ್ಕೇ ರೀ, ನಿಜ ಹೇಳಬಾರದು. ನಿಜ ಹುಡುಕಿದರೆ ಯಾರಿಗೆ ಬೇಕಾದರೂ ಸಿಗುತ್ತೆ. ನಾವಿಬ್ಬರೂ ಒಂದೇ ಸುಳ್ಳು ಇಟ್ಕೊಳ್ಳೋಣ."

ಅವನು ತಟ್ಟೆಯಿಂದ ತಲೆ ಎತ್ತಲೂ ಇಲ್ಲ. "ಬಾಗಿಲೇ ಇರಲಿಲ್ಲ ಅಂತೀನಿ, ಆಯ್ತಾ?"

"ಆಯ್ತು. ಅದೇ. ಬಾಗಿಲೇ ಇರಲಿಲ್ಲ."

ಅವನಿಗೆ ಅದು ಊಟದ ಹೊತ್ತಿನ ತಮಾಷೆ, ಕೈ ತೊಳೆದಾಗಲೇ ಮುಗಿದುಹೋಯಿತು. ಅವಳಿಗೆ ಅದು ಕಲ್ಲಿನ ಮೇಲೆ ಕೆತ್ತಿದ ಮಾತು.

ಕೆಲವು ತಿಂಗಳ ಮೇಲೆ ಊರಿನಲ್ಲಿ ಅತ್ತೆಗೆ ಮಂಡಿಯ ಆಪರೇಷನ್ ಎಂದು ಅವನು ಹೊರಟ. ಹತ್ತು ದಿನಕ್ಕೆಂದು ಹೋದವನು ಮಂಡಿ ಬಗ್ಗಲಿ, ನಡೆಯಲಿ, ಮೆಟ್ಟಿಲು ಹತ್ತಲಿ ಎಂದು ಕೂತ. ಕೊನೆಗೆ ಅಮ್ಮನನ್ನೂ ಕರೆದುಕೊಂಡೇ ಬರುತ್ತೇನೆಂದು ಅವರ ವೀಸಾಕ್ಕೆ ಅರ್ಜಿ ಹಾಕಿಸಿದ. ವೀಸಾ ಆಮೆಯ ಹಾಗೆ ತೆವಳಿತು. ಈ ದೇಶದ ಕಟ್ಟಳೆ ಏನೆಂದರೆ, ವಾಸದ ಪರವಾನಗಿ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪರವಾನಗಿ ತಾನಾಗಿ ಬಿದ್ದುಹೋಗುತ್ತದೆ. ಪರವಾನಗಿ ಹೋದರೆ ಕೆಲಸ ಹೋಯಿತು, ಮತ್ತೆ ಯಾವಾಗ ಬರಬಹುದೆಂದು ಯಾರೂ ಹೇಳಲಾರರು. ಅವನ ಆರು ತಿಂಗಳು ನಾಳೆಗೆ ತುಂಬುತ್ತಿತ್ತು. ಅತ್ತೆಯ ವೀಸಾ ನಿನ್ನೆ ಸಂಜೆಯಷ್ಟೇ ಅವನ ಮೇಲ್‌ಗೆ ಬಂದಿತ್ತು. ಇವತ್ತಿನ ವಿಮಾನ ಬಿಟ್ಟರೆ ಇನ್ನೊಂದು ನಾಡಿದ್ದು.

ಬೆಳಿಗ್ಗೆ ಲ್ಯಾಬಿನ ಕಿಟಕಿಯ ಮುಂದೆ ಕೊಳವೆಗಳ ತಟ್ಟೆಗಳು ಸಾಲುಗಟ್ಟಿದ್ದವು. ಫೋನು ನಡುಗಿತು. ಊರಿನ ನಂಬರು, ಆದರೆ ಗುರುತಿಲ್ಲದ್ದು. ಅವಳು ಎತ್ತಿ ಸುಮ್ಮನಿದ್ದಳು. ತಾನಾಗಿ "ಹಲೋ" ಅಂದರೆ ದನಿ ಕದಿಯುತ್ತಾರೆಂದು ಎಲ್ಲೋ ಓದಿದ್ದಳು.

"ಹಲೋ! ಕೇಳಿಸ್ತಿದೆಯಾ? ನಾನು ಕಣೇ. ಏರ್‌ಪೋರ್ಟಿನಲ್ಲಿದ್ದೀನಿ. ಫೋನು ಟ್ಯಾಕ್ಸಿಯಲ್ಲೇ ಬಿಟ್ಟುಬಿಟ್ಟೆ."

ದನಿ ಅವನದೇ. ಅಕ್ಕನ ತಮ್ಮನ ದನಿಯೂ ತಮ್ಮನದೇ ಆಗಿತ್ತು.

"ಕೌಂಟರಿನಲ್ಲಿ ಅಮ್ಮನ ವೀಸಾ ಪ್ರತಿ ಕೇಳ್ತಿದಾರೆ. ಇಲ್ಲೊಂದು ಪ್ರಿಂಟ್ ತೆಗೆಯೋ ಅಂಗಡಿ ಇದೆ, ಅದರ ಫೋನಿಂದ ಮಾತಾಡ್ತಿದ್ದೀನಿ. ಇವರ ಕಂಪ್ಯೂಟರಿನಲ್ಲಿ ನನ್ನ ಮೇಲ್ ತೆಗೆಯೋಕೆ ಹೋದ್ರೆ ಕೋಡ್ ಕೇಳುತ್ತೆ. ನಿನ್ನ ನಂಬರಿಗೇ ಬರೋ ಹಾಗೆ ನೀನೇ ಮಾಡಿಟ್ಟಿದ್ದೀಯಲ್ಲ. ಬಂತಾ? ಓದಿ ಹೇಳು."

ಕೋಡ್ ಬಂದಿತ್ತು. ಅದರ ಕೆಳಗೆ, ಇದನ್ನು ಯಾರಿಗೂ ತಿಳಿಸಬೇಡಿ ಎಂಬ ಸಾಲು. ಫೋನ್ ಕಳೆದಿದೆ, ಕೋಡ್ ಓದು. ಅಕ್ಕನಿಗೆ ಹೇಳಿದ ಮಾತುಗಳೇ, ಅದೇ ಕ್ರಮದಲ್ಲಿ.

"ನಮ್ಮ ಮೊದಲನೇ ಮನೆ ಬಾಗಿಲು ಯಾವ ಬಣ್ಣ?"

ಆ ಕಡೆ ಒಂದು ಕ್ಷಣ ಬರೀ ಗದ್ದಲ. "ಏನು? ಈಗ ಬಾಗಿಲ ವಿಷಯ ಯಾಕೆ? ಹಸಿರು!"

ಅವಳು ಫೋನ್ ಇಟ್ಟಳು.

ಅವನ ನಂಬರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಕಳೆದುಹೋದ ಫೋನೂ ಸ್ವಿಚ್ ಆಫ್ ಆಗಿರುತ್ತದೆ, ಕದ್ದ ಫೋನೂ ಆಗಿರುತ್ತದೆ. ಅತ್ತೆಯ ಹಳೆಯ ಫೋನನ್ನು ಹೊರಡುವ ಮೊದಲು ನಾದಿನಿಗೆ ಕೊಟ್ಟುಬಿಟ್ಟಿದ್ದರು. ನಾದಿನಿಗೆ ಹಚ್ಚಿದರೆ ಗಂಟೆ ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಸ್ಕೂಲು ಟೀಚರು, ಪಾಠದ ಹೊತ್ತಿನಲ್ಲಿ ಎತ್ತುವವಳಲ್ಲ.

ಅಕ್ಕ ವಾರ್ಡಿನಿಂದ ಹೊಸ ತಟ್ಟೆ ತಂದಿಟ್ಟು ಮುಖ ನೋಡಿದಳು. "ಏನೇ, ಹೀಗೆ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದೀಯ?"

ಅವಳು ಹೇಳಿದಳು. ಅಕ್ಕ ಕುರ್ಚಿ ಎಳೆದು ಕೂತೇಬಿಟ್ಟಳು. "ಕೊಡಬೇಡ. ನನ್ನ ಗತಿ ನೋಡಿದ್ದೀಯಲ್ಲ."

"ನಿಜವಾಗಲೂ ಅವರೇ ಆಗಿದ್ದರೆ?"

"ಅವರೇ ಆಗಿದ್ದರೆ..." ಅಕ್ಕ ಕೈಗವಸು ಕಳಚಿದಳು. "ಆಗಿದ್ದರೆ ಆ ಸುಳ್ಳು ನೆನಪಿರಬೇಕಿತ್ತಲ್ವಾ?"

"ನಿಮ್ಮ ಮನೆಯವರಿಗೆ ನಿಮ್ಮ ಹುಟ್ಟಿದ ದಿನ ನೆನಪಿದೆಯಾ ಅಕ್ಕ?"

ಅಕ್ಕ ತಟ್ಟೆಯಲ್ಲಿ ವಾಲಿದ್ದ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿದಳು.

ಫೋನು ಮತ್ತೆ ನಡುಗಿತು. ಅದೇ ನಂಬರು.

"ಯಾಕೆ ಇಟ್ಟೆ? ಇನ್ನು ಅರ್ಧ ಗಂಟೆಗೆ ಕೌಂಟರ್ ಮುಚ್ತಾರೆ!"

"ಬಾಗಿಲು ಯಾವ ಬಣ್ಣ?"

"ಹಸಿರೇ ಕಣೇ! ಎರಡು ಡಬ್ಬ ಸಾಲದೆ ಮೂರನೇದು ತಂದೆ, ಮೂರನೇದು ಬೇರೆ ಹಸಿರಾಗಿಬಿಡ್ತು, ನೀನು ವಾರ ಮಾತು ಬಿಟ್ಟೆ. ಇನ್ನೇನು ಹೇಳಲಿ?"

ಪ್ರತಿ ಮಾತೂ ನಿಜ. ಅದೇ ಅವಳನ್ನು ಕಾಡಿತು. ಆ ಎರಡು ಹಸಿರೂ ಫೋಟೋದಲ್ಲಿ ಎದ್ದು ಕಾಣುತ್ತಿದ್ದವು, ಕೆಳಗೆ ಅವನೇ ಮೂರನೇ ಡಬ್ಬದ ಕಥೆ, ವಾರದ ಮೌನವ್ರತದ ಕಥೆ ಬರೆದು ಸ್ನೇಹಿತರನ್ನೆಲ್ಲ ನಗಿಸಿದ್ದ. ಒಂದು ಸುಳ್ಳು ಹೇಳಿಬಿಡಿ ಎಂದು ಅವಳ ಒಳಗು ಮೊರೆಯಿಡುತ್ತಿತ್ತು. ಆದರೆ ಸುಳ್ಳು ಹೇಳಿ ಎಂದು ತಾನೇ ಸೂಚನೆ ಕೊಟ್ಟರೆ ಗುರುತಿಗೆ ಅರ್ಥವೇನು? ಚೀಟಿಯಲ್ಲಿ ತಪ್ಪು ಸಂಖ್ಯೆ ಬರೆದವರಿಗೆ ಸರಿಯಾದದ್ದನ್ನು ಅವಳು ಎಂದೂ ಕಿಟಕಿಯಿಂದ ಹೇಳಿಕೊಟ್ಟವಳಲ್ಲ.

"ಪತ್ತೇದಾರಮ್ಮ, ಕೈ ಮುಗೀತೀನಿ" ಎಂದಿತು ದನಿ. ಆಮೇಲೆ ಸೋತ ಹಾಗೆ, "ನೀವೊಬ್ಬರೇ ಹತ್ತಿ ಹೋಗಿ ಅಂತಿದಾನೆ ಕೌಂಟರಿನವನು. ಈ ಕಾಲಿಟ್ಕೊಂಡು ಅಮ್ಮನ್ನ ಇಲ್ಲಿ ಹೇಗೆ ಬಿಟ್ಟುಬರಲಿ? ತಗೋ, ಅಮ್ಮನ ಹತ್ತಿರಾನೇ ಮಾತಾಡು."

ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ ಅತ್ತೆ, ಫೋನೆಂದರೆ ಬಾವಿಯೊಳಗೆ ಕೂಗುವುದೆಂದು ತಿಳಿದವರ ಹಾಗೆ: "ಹಲೋ! ಏನಮ್ಮಾ, ಚೆನ್ನಾಗಿದ್ದೀಯಾ? ಊಟ ಆಯ್ತಾ?"

"ಅತ್ತೆ, ಕಾಲು ಹೇಗಿದೆ?"

"ಕಾಲಿಗೇನು? ಕುಣೀತಿದೆ. ಇವನೇ ಸುಮ್ಮನೆ ಗಾಲಿ ಕುರ್ಚಿಯಲ್ಲಿ ಕೂರಿಸಿಬಿಟ್ಟಿದಾನೆ."

ಅವಳು ಕಣ್ಣು ಮುಚ್ಚಿದಳು. ದನಿ ಅತ್ತೆಯದೇ. ದನಿ ಸಾಲದು. ಯಾವ ಫೋಟೋದಲ್ಲೂ ಇಲ್ಲದ್ದು, ಯಾರೂ ಎಲ್ಲೂ ಬರೆದಿಡದ್ದು ಏನಾದರೂ ಬೇಕು. ಎದುರಿನ ಗೂಟದಲ್ಲಿ ಅವಳ ಬಿಳಿ ಕೋಟು ನೇತಾಡುತ್ತಿತ್ತು.

"ಅತ್ತೆ, ಇಲ್ಲಿ ಚಳಿ ಜಾಸ್ತಿ. ನಾನು ಕಳಿಸಿದ ಸ್ವೆಟರ್ ಹಾಕ್ಕೊಂಡಿದ್ದೀರಾ?"

ಆ ಸ್ವೆಟರನ್ನು ಅವಳೇ ಹೆಣೆದದ್ದು. ಕಾಫಿ ಬಣ್ಣದ ಉಲ್ಲನ್. ಗುಂಡಿ ಒಂದು ಕಡಿಮೆ ಬಿದ್ದು, ಎಲ್ಲಕ್ಕಿಂತ ಮೇಲಿನದಕ್ಕೆ ಹಳೆಯ ಲ್ಯಾಬ್ ಕೋಟಿನ ಬಿಳಿ ಗುಂಡಿ ಕಿತ್ತು ಹೊಲಿದಿದ್ದಳು. ಕಳೆದ ತಿಂಗಳು ನಾದಿನಿ ಕಳಿಸಿದ ಫೋಟೋದಲ್ಲಿ ಅದೇ ಸ್ವೆಟರ್ ನಾದಿನಿಯ ಮೈಮೇಲಿತ್ತು. ಸೆರಗು ಹೊದ್ದಿದ್ದರಿಂದ ಗುಂಡಿ ಕಾಣುತ್ತಿರಲಿಲ್ಲ, ಆದರೆ ತನ್ನ ಕೈಯ ಹೆಣಿಗೆ ಅವಳಿಗೆ ತಿಳಿಯದೇ? ಅತ್ತೆ ಮಗಳಿಗೆ ದಾಟಿಸಿದ್ದಾರೆ ಎಂದುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ.

"ಅಯ್ಯೋ, ಮೈಮೇಲೇ ಇದೆ ಕಣಮ್ಮ!" ಎಂದರು ಅತ್ತೆ, ಒಂದು ಕ್ಷಣವೂ ತಡವರಿಸದೆ. "ಬಿಚ್ಚಿಡೋಕೆ ಮನಸ್ಸೇ ಬರಲ್ಲ. ಎಷ್ಟು ಬೆಚ್ಚಗಿದೆ ಅಂತೀಯ. ಈಗ ತಾನೆ ಕುತ್ತಿಗೆ ಹತ್ತಿರದ ಆ ಬಿಳಿ ಗುಂಡಿ ಹಾಕ್ಕೊಂಡೆ. ಬೇರೆ ಬಣ್ಣದ್ದಾದರೂ ಒಡವೆ ಹಾಗೆ ಕಾಣುತ್ತೆ ಅಂತ ಇಲ್ಲೊಬ್ಬರು ಹೊಗಳಿದರು."

ಗುಂಡಿ ತಿಳಿದಿರುವವರು ಅತ್ತೆ, ನಾದಿನಿ, ತಾನು. ಅದು ಒಂದು ಗುರುತು. ಇನ್ನೊಂದು, ಆ ಸುಳ್ಳು. ಇಲ್ಲದ ಸ್ವೆಟರಿಗೆ ಗುಂಡಿ ಹಾಕಿ, ಹೊಗಳಲು ಒಬ್ಬರನ್ನು ಹುಟ್ಟಿಸಿ, ಸೊಸೆಯ ಮನಸ್ಸು ನೋಯದಿರಲೆಂದು ಇಷ್ಟು ಸಲೀಸಾಗಿ ಕಥೆ ಕಟ್ಟುವ ಯಂತ್ರ ಇನ್ನೂ ಬಂದಿರಲಾರದು.

ಎರಡೂ ತಾಳೆಯಾದವು.

"ಅತ್ತೆ, ಅವರಿಗೆ ಕೊಡಿ."

ಮೊದಲಿನ ಕೋಡ್‌ನ ಅವಧಿ ಮುಗಿದಿತ್ತು. ಹೊಸದು ಬಂತು. ಅವಳು ಒಂದೊಂದೇ ಅಂಕಿ ಓದಿದಳು, ಆ ಕಡೆ ಅವನು ಒಂದೊಂದನ್ನೇ ತಿರುಗಿ ಹೇಳಿದ. "ಬಂತು, ಬಂತು" ಎಂದವನು ಒಂದು ಮಾತೂ ಹೆಚ್ಚಿಗೆ ಆಡದೆ ಫೋನ್ ಇಟ್ಟ.

ಅಲ್ಲಿಂದಾಚೆ ಸುದ್ದಿಯಿಲ್ಲ. ಸಿಕ್ಕಿತೇ, ಹತ್ತಿದರೇ, ಕೌಂಟರ್ ಮುಚ್ಚಿತ್ತೇ, ಒಂದೂ ತಿಳಿಯದು. ಅಂಗಡಿಯ ನಂಬರಿಗೆ ಹಚ್ಚಿದರೆ ಯಾರೋ ಎತ್ತಿ, "ಅವರು ಓಡಿದರು" ಎಂದಷ್ಟೇ ಹೇಳಿದರು. ಓಡಿದ್ದು ಯಾವ ಕಡೆಗೆ ಎಂದು ಅಂಗಡಿಯವರಿಗೂ ಗೊತ್ತಿರಲಿಲ್ಲ. ಅವಳು ಕೊಳವೆಗಳನ್ನು ತಾಳೆ ನೋಡಿದಳು. ಎರಡನ್ನು ವಾಪಸ್ಸು ಕಳಿಸಿದಳು. ಮಧ್ಯಾಹ್ನ ಅಕ್ಕ ತನ್ನ ಡಬ್ಬಿಯನ್ನು ಅವಳ ಮುಂದೆ ನೂಕಿ, "ತಿನ್ನು, ಅತ್ತೆ ಬಂದು ಸೊಸೆ ಸೊರಗಿದಾಳೆ ಅಂತ ನನ್ನ ಬೈದಾರು" ಎಂದಳು. ಬರುತ್ತಾರೆ ಎಂದು ಅಕ್ಕನಿಗೂ ಖಾತ್ರಿಯಿರಲಿಲ್ಲ.

ಸಂಜೆ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆಯುತ್ತ, ಮುಚ್ಚುತ್ತ, ಗುರುತಿಲ್ಲದ ಮುಖಗಳನ್ನು ಹೊರಗೆ ಬಿಡುತ್ತಿತ್ತು. ಪ್ರತಿ ಸಲವೂ ಅವಳ ಕತ್ತು ತಾನಾಗಿ ನೀಳವಾಗುತ್ತಿತ್ತು. ಜನ ತೆಳುವಾದರು. ಇನ್ನು ಯಾರೂ ಇಲ್ಲವೆನ್ನುವಾಗ ಒಂದು ಗಾಲಿ ಕುರ್ಚಿ, ಅದರ ಹಿಂದೆ ಗಡ್ಡ ಬಿಟ್ಟ ಗಂಡ ಕಾಣಿಸಿದ. ಕುರ್ಚಿಯಲ್ಲಿ ಅತ್ತೆ, ಹತ್ತಿಯ ಸೀರೆಯ ಸೆರಗನ್ನು ಎರಡು ಸುತ್ತು ಹೊದ್ದು, ಹಲ್ಲು ಕಟಕಟ ಅನ್ನಿಸುತ್ತ ಕೂತಿದ್ದರು.

"ಸ್ವೆಟರ್ ದೊಡ್ಡ ಪೆಟ್ಟಿಗೆಯಲ್ಲಿ ಹೋಗಿಬಿಡ್ತು ಕಣಮ್ಮ" ಎಂದರು, ಅವಳು ಕೇಳುವ ಮೊದಲೇ.

"ಪರವಾಗಿಲ್ಲ ಅತ್ತೆ" ಎಂದು ಅವಳು ತನ್ನ ಸ್ವೆಟರ್ ಬಿಚ್ಚಿ ಅವರ ಹೆಗಲಿಗೆ ಹೊದಿಸಿದಳು.

ಗಂಡ ಅವಳನ್ನೇ ನೋಡುತ್ತ ನಿಂತಿದ್ದ. ದಾರಿಯುದ್ದಕ್ಕೂ ಬೈಯಲು ಜೋಡಿಸಿಟ್ಟ ಮಾತುಗಳು ಮುಖದ ಮೇಲೆ ಬಂದು ಹೋದವು. "ವಿಮಾನದಲ್ಲಿ ನೆನಪಾಯ್ತು" ಎಂದ ಕೊನೆಗೆ. "ಬಾಗಿಲೇ ಇರಲಿಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ ಬೆಳಗಿನಿಂದ ಕಾಡುತ್ತಿದ್ದ ಪ್ರಶ್ನೆ ಕೇಳಿದಳು. "ರೀ, ಅಂಗಡಿಯ ಕಂಪ್ಯೂಟರಿನಲ್ಲಿ ಲಾಗೌಟ್ ಮಾಡಿದಿರಾ?"

ಅವನು ಬಗ್ಗಿ ಕುರ್ಚಿಯ ಗಾಲಿಯ ಬ್ರೇಕು ಬಿಚ್ಚಿದ.

"ಮಾಡ್ದೆ" ಎಂದ. ಅಮ್ಮ ಸ್ವೆಟರಿನ ಬಗ್ಗೆ ಹೇಳಿದ ಹಾಗೆಯೇ, ಒಂದು ಕ್ಷಣವೂ ತಡವರಿಸದೆ.

ಟ್ಯಾಕ್ಸಿಯಲ್ಲಿ ಅವಳು ತನ್ನ ಫೋನ್ ತೆಗೆದು ಅವನ ಕೈಗಿಟ್ಟು, ಅವನು ತನ್ನ ಮೇಲ್‌ಗೆ ಹೊಸ ಪಾಸ್‌ವರ್ಡ್ ಒತ್ತುವಷ್ಟು ಹೊತ್ತು ಕಿಟಕಿಯಾಚೆ ನೋಡುತ್ತ ಕೂತಳು.