ಎಲ್ಲರ ಫ್ರಿಜ್ಜು

ಬಾಗಿಲು ತೆರೆಯುವ ಮೊದಲೇ ವಾಸನೆ ಬಂದು ಮುಖಕ್ಕೆ ಬಡಿಯಿತು. ಕೀಲಿ ತಿರುಗಿಸುತ್ತಿದ್ದ ದೊಡ್ಡಕ್ಕ ಒಂದು ಹೆಜ್ಜೆ ಹಿಂದೆ ಸರಿದು, ಬೆನ್ನಿಗೇ ನಿಂತಿದ್ದ ರೇಡಿಯೋಳ ಕಾಲು ತುಳಿದಳು.

“ಒಳಗೆ ಯಾರಾದ್ರೂ ಸತ್ತುಗಿತ್ತಿದಾರೇನಕ್ಕ?” ಎಂದಳು ರೇಡಿಯೋ, ಮೂಗು ಹಿಡಿದುಕೊಂಡೇ. “ಸತ್ತಿದ್ರೂ ನಮ್ಮ ವಾರ್ಡನ್ನು ಸಕ್ಕರೆ ಮೇಡಂ ಬಿಡಲ್ಲ ಬಿಡು. ಬೇಸಿಗೇಲೂ ಹಾಸ್ಟೆಲ್‌ನಲ್ಲಿ ಇಷ್ಟು ಜನ ಇದಾರೆ ಅಂತ ಹೆಣಾನೂ ಲೆಕ್ಕಕ್ಕೆ ಸೇರಿಸಿ ಹೇಳ್ತಾರೆ.”

ದೊಡ್ಡಕ್ಕ ನಗಲಿಲ್ಲ. ನಗಬೇಕೆಂದರೆ ಉಸಿರು ಎಳೆದುಕೊಳ್ಳಬೇಕಾಗಿತ್ತು.

ಆ ದೊಡ್ಡ ಹಾಸ್ಟೆಲಿನಲ್ಲಿ ಈಗ ಉಳಿದಿದ್ದವರು ಇವರಿಬ್ಬರೇ. ಸಂಶೋಧನೆಯ ಕೊನೆಯ ಅಧ್ಯಾಯ ಬರೆಯುತ್ತಿದ್ದ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳಾದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ದೊಡ್ಡಕ್ಕ. ಮತ್ತು ಪಕ್ಕದ ಕೋಣೆಯ ಹುಡುಗಿ. ಬಾಯಿಗೆ ಬಿಡುವು ಕೊಟ್ಟು ಗೊತ್ತಿಲ್ಲದ್ದರಿಂದ ಅವಳಿಗೆ ರೇಡಿಯೋ ಎಂಬ ಹೆಸರು ಬಿದ್ದಿತ್ತು. ಪರೀಕ್ಷೆಯ ಹೊತ್ತಿಗೆ ಮೈ ಕೆಟ್ಟು ಮಲಗಿದ್ದರಿಂದ ಅವಳ ಗಣಿತದ ಒಂದು ಪತ್ರಿಕೆ ಉಳಿದುಬಿಟ್ಟಿತ್ತು. ಬೇಸಿಗೆ ತರಗತಿಯಲ್ಲಿ ಅದನ್ನು ಮುಗಿಸದಿದ್ದರೆ ವರ್ಷವೇ ಹೋಗುತ್ತಿತ್ತು. ರೇಡಿಯೋಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ದಿನಕ್ಕೆರಡು ಹೊತ್ತು ತಾನೇ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಬೇಸಿಗೆಗೆಲ್ಲ ಆಗುವಷ್ಟು ಔಷಧಿಯ ಸೀಸೆಗಳನ್ನು ಅವಳಪ್ಪ ತಣ್ಣನೆಯ ಡಬ್ಬಿಯಲ್ಲಿಟ್ಟು ತಂದು, “ಫ್ರಿಜ್ಜಲ್ಲೇ ಇಟ್ಕೋ ಮಗಳೇ, ಬಿಸಿಗೆ ಕೆಡತ್ತೆ” ಎಂದು ಹತ್ತು ಸಲ ಹೇಳಿ ಹೋಗಿದ್ದರು.

ಫ್ರಿಜ್ಜು ಇದ್ದದ್ದು ಕೆಳಗಿನ ಅಡುಗೆಕೋಣೆಯಲ್ಲಿ. ಅದಕ್ಕೆ ಎಲ್ಲರ ಫ್ರಿಜ್ಜು ಎಂದೇ ಹೆಸರು.

ಎಲ್ಲರದ್ದು ಎಂದಮೇಲೆ ಯಾರದ್ದೂ ಅಲ್ಲ. ರಜೆಗೆ ಮುಂಚೆ ಹಾಸ್ಟೆಲಿನಲ್ಲಿ ಕೋಣೆ ತಪಾಸಣೆ ನಡೆಯುತ್ತದೆ. ಕೋಣೆಯಲ್ಲಿ ತಿನ್ನುವ ಪದಾರ್ಥ ಚೂರು ಸಿಕ್ಕರೂ ಮುಂದಿನ ವರ್ಷ ಆ ಹುಡುಗಿಗೆ ಕೋಣೆ ಇಲ್ಲ. ಹಾಗಾಗಿ ಹುಡುಗಿಯರೆಲ್ಲ ಕೋಣೆಯನ್ನು ಕನ್ನಡಿಯಂತೆ ಒರೆಸಿ, ಉಳಿದಿದ್ದ ಹಾಲು, ಮೊಸರು, ಮೊಟ್ಟೆ, ಮೀನು, ಅನ್ನ, ಹಣ್ಣು ಎಲ್ಲವನ್ನೂ ಕೆಳಗೆ ತಂದು ಫ್ರಿಜ್ಜಿಗೆ ತುರುಕಿ ಊರಿಗೆ ಹೊರಟುಹೋದರು. ಫ್ರಿಜ್ಜು ಯಾವ ಕೋಣೆಗೂ ಸೇರಿದ್ದಲ್ಲವಾದ್ದರಿಂದ ತಪಾಸಣೆಗೆ ಬಂದವರು ಅದರ ಬಾಗಿಲು ಮುಟ್ಟಲಿಲ್ಲ. ಮಾರನೆಯ ದಿನ ಹಾಸ್ಟೆಲಿನ ಎಲೆಕ್ಟ್ರಿಷಿಯನ್, ಎಲ್ಲರ ಕರೆಂಟಣ್ಣ, ಬಂದು, ಬೇಸಿಗೆಯ ವಿದ್ಯುತ್ ಉಳಿತಾಯವೆಂದು ಕೆಳಗಿನ ಅಂತಸ್ತಿನ ಫ್ಯೂಸು ಕಿತ್ತ. ಅಡುಗೆಕೋಣೆಗೆ ಬೀಗ ಬಿತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದರು.

ರೇಡಿಯೋ ತನ್ನ ಸೀಸೆಗಳನ್ನು ಹಿಡಿದು ಕ್ಯಾಂಪಸ್ಸನ್ನೆಲ್ಲ ಅಲೆದಳು. ಜೊತೆಗೆ ದೊಡ್ಡಕ್ಕನೂ ಅಲೆದಳು. ಚಿಕಿತ್ಸಾಲಯದ ಗೋಡೆಯ ಮೇಲೆ ‘ಬೇಸಿಗೆಯಲ್ಲೂ ತೆರೆದಿರುತ್ತದೆ’ ಎಂಬ ಬೋರ್ಡು, ಬಾಗಿಲಿಗೆ ಬೀಗ. ಬೋರ್ಡಿನ ಕೆಳಗೆ ಬರೆದಿದ್ದ ನಂಬರಿಗೆ ಫೋನು ಮಾಡಿದರೆ ಬೀಗದ ಆಚೆ, ಖಾಲಿ ಕೋಣೆಯೊಳಗೆ ಫೋನು ರಿಂಗಾಗುವುದು ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. “ತಗೊಳ್ಳೋ ಪುಣ್ಯಾತ್ಮ, ನಿನ್ನ ಮನೆಬಾಗಿಲಿಗೇ ಬಂದಿದೀವಿ” ಎಂದು ರೇಡಿಯೋ ಕಿಟಕಿಗೆ ಬಾಯಿಟ್ಟು ಹೇಳಿದ್ದಳು. ಊರಿನ ಕಡೆ ಹೋಗುವ ಕ್ಯಾಂಪಸ್ ಬಸ್ಸೂ ರಜೆಯಲ್ಲಿತ್ತು.

ಅಂಗಳದಾಚೆ, ವಾರ್ಡನ್ನರ ಆಫೀಸಿನಲ್ಲಿ ಒಂದು ಪುಟ್ಟ ಫ್ರಿಜ್ಜಿತ್ತು. ಅದು ಹಗಲೂ ರಾತ್ರಿ ಗುಂಯ್‌ಗುಡುತ್ತಿರುತ್ತಿತ್ತು. ವಾರ್ಡನ್ನರು ಯಾರನ್ನೂ ಗದರಿದವರಲ್ಲ. ಅವರು ಸಿಹಿಯಾಗಿ ಹೇಳಿದ್ದು ‘ಇಲ್ಲ’ ಎಂದೇ ಎಂಬುದು ಮೆಟ್ಟಿಲಿಳಿದ ಮೇಲಷ್ಟೇ ತಿಳಿಯುತ್ತಿತ್ತು. ಅದಕ್ಕೇ ಅವರು ಸಕ್ಕರೆ ಮೇಡಂ.

“ಅದು ಆಫೀಸಿಂದು ಕಂದಾ,” ಎಂದಿದ್ದರು. “ನಿನಗೆ ಕೊಟ್ರೆ ನಾಳೆ ಇನ್ನೊಬ್ಬಳು ಕೇಳ್ತಾಳೆ. ನನಗೆ ಎಲ್ರೂ ಮಕ್ಕಳೇ ಅಲ್ವಾ?”

“ಇನ್ನೊಬ್ಬಳು ಅಂದ್ರೆ ನೀನೇ ಅಕ್ಕ,” ಎಂದಳು ರೇಡಿಯೋ ಹೊರಗೆ ಬಂದು. “ನಿನಗೇನಿದೆ ಇಡೋಕೆ? ಆ ಕೊನೇ ಅಧ್ಯಾಯಾನಾ? ಅದೂ ಬಿಸಿಗೆ ಕೆಡತ್ತಾ? ಈ ಮೇಡಂ ಮಾತು ಕೇಳಿದ್ರೇ ಸಾಕು, ನನ್ನ ಶುಗರ್ ಏರತ್ತೆ.”

ಕೊನೆಗೆ ಮಣ್ಣಿನ ಮಡಕೆಯೊಂದಕ್ಕೆ ಒದ್ದೆ ಬಟ್ಟೆ ಸುತ್ತಿ ಸೀಸೆಗಳನ್ನು ಅದರಲ್ಲಿಟ್ಟರು. ಮೇಲಿನ ಅಂತಸ್ತಿನ ಕೋಣೆಗಳು ಕಾದ ಬಾಣಲೆಯಂತಿದ್ದವು. ಬಟ್ಟೆ ತೋಯಿಸಿದಷ್ಟೂ ಒಣಗುತ್ತಿತ್ತು. ರೇಡಿಯೋ ಎಂದಿನಷ್ಟೇ ಔಷಧಿ ಚುಚ್ಚಿಕೊಂಡರೂ ಸಕ್ಕರೆ ಇಳಿಯದಾಯಿತು. ಕೊಡಗಟ್ಟಲೆ ನೀರು ಕುಡಿದರೂ ನಾಲಗೆ ಒಣಗುತ್ತಿತ್ತು. ತರಗತಿಯಲ್ಲಿ ಮೇಜಿಗೆ ತಲೆಯಿಟ್ಟು ಮಲಗಿಬಿಟ್ಟಳಂತೆ. ಅಪ್ಪನಿಗೆ ಫೋನು ಮಾಡುತ್ತೇನೆಂದು ದೊಡ್ಡಕ್ಕ ಹೇಳಿದಾಗ ಕೈ ಹಿಡಿದುಕೊಂಡಳು. “ಬೇಡಕ್ಕ. ಅಪ್ಪ ಬಂದ್ರೆ ಕರ್ಕೊಂಡೇ ಹೋಗ್ತಾರೆ. ಒಂದ್ಸಲ ಹೋದ್ರೆ ಮತ್ತೆ ಕಳಿಸಲ್ಲ.” ಅಷ್ಟು ಹೇಳಿ ಸುಮ್ಮನಾದಳು. ಆ ಸುಮ್ಮನಾದದ್ದೇ ದೊಡ್ಡಕ್ಕನನ್ನು ಹೆದರಿಸಿತು.

ಅಂಥದ್ದರಲ್ಲಿ ಸಕ್ಕರೆ ಮೇಡಂ ತಾವಾಗಿಯೇ ಮೇಲೆ ಹತ್ತಿ ಬಂದರು. ಮುಂದಿನ ವರ್ಷ ಸೇರುವ ಹುಡುಗಿಯರ ತಂದೆತಾಯಂದಿರು ಹಾಸ್ಟೆಲ್ ನೋಡಲು ಬರುತ್ತಾರಂತೆ. ಗುಡಿಸುವವಳು ರಜೆಯ ಮೇಲಿದ್ದಾಳಂತೆ. “ನೀವಿಬ್ರೂ ಸೇರಿ ಆ ಪುಟ್ಟ ಅಡುಗೆಕೋಣೆ ಒಂಚೂರು ಒರೆಸಿಬಿಡಿ. ನಾನು ಕರೆಂಟ್ ಹಾಕಿಸ್ತೀನಿ. ಆಮೇಲೆ ನಿನ್ನ ಔಷಧಿ ಅಲ್ಲಿ ರಾಣಿ ಥರ ಇರತ್ತೆ ಕಂದಾ.”

ಹಾಗೆ ಆ ಬೆಳಿಗ್ಗೆ ದೊಡ್ಡಕ್ಕ ಬೀಗ ತೆಗೆದದ್ದು.

ರೇಡಿಯೋಳನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದಳು. ಫ್ರಿಜ್ಜಿನ ಬಾಗಿಲು ಅಂಟಿಕೊಂಡಿತ್ತು. ಜಗ್ಗಿದಾಗ ಹಳೆಯ ಗಾಯದ ಪಟ್ಟಿ ಕಿತ್ತಂಥ ಸದ್ದು. ಒಳಗಿನಿಂದ ಕಂದು ನೀರು ಸುರಿದು ಕಾಲ್ಬೆರಳುಗಳ ಸಂದಿಗೆ ಇಳಿಯಿತು, ಉಗುರುಬೆಚ್ಚಗೆ. ಹಾಲಿನ ಪೊಟ್ಟಣಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು. ಅನ್ನಕ್ಕೆ ಹಸಿರು ರೋಮ ಬಂದಿತ್ತು. ಮೀನಿದ್ದ ಡಬ್ಬಿಯ ಮುಚ್ಚಳ ತಾನಾಗಿಯೇ ಮೇಲೆದ್ದು, ಅದರ ಕೆಳಗೆ ಬಿಳಿಯ ಹುಳುಗಳು ಕುದಿಯುವ ಗಂಜಿಯ ಹಾಗೆ ಮಿಸುಕುತ್ತಿದ್ದವು. ದೊಡ್ಡಕ್ಕ ಎರಡು ಸಲ ಹೊರಗೋಡಿ ಬಂದು ಗಿಡದ ಬುಡದಲ್ಲಿ ವಾಂತಿ ಮಾಡಿದಳು.

“ಈಗ ಕೇಳುಗರೇ,” ಮೆಟ್ಟಿಲ ಮೇಲಿಂದ ರೇಡಿಯೋಳ ಬತ್ತಿದ ದನಿ ಬಂತು, “ನಮ್ಮ ದೊಡ್ಡಕ್ಕ ಮೂರನೇ ಅಂಕಣಕ್ಕೆ ಇಳಿದಿದ್ದಾರೆ. ಎದುರಾಳಿ ಟೊಮೆಟೊ.”

ಕೆಲಸ ಮಾಡುವಾಗ ದೊಡ್ಡಕ್ಕನಿಗೆ ತುಟಿಯೊಳಗೇ ಪದ್ಯ ಹೇಳಿಕೊಳ್ಳುವ ಅಭ್ಯಾಸ. ಅಜ್ಜಿ ನಸುಕಿನಲ್ಲಿ ರಾಗವಾಗಿ ಹೇಳುತ್ತಿದ್ದದ್ದು ಅವಳ ಉಸಿರಿನೊಂದಿಗೇ ಬೆಳೆದಿತ್ತು. ಬಟ್ಟೆ ಒಗೆಯುವಾಗ, ಪುಟ ತಿದ್ದುವಾಗ ಅದು ತಾನಾಗಿ ಬರುತ್ತಿತ್ತು. ಇವತ್ತು ನಾಲಗೆಯ ತುದಿಗೆ ಬಂದದ್ದನ್ನು ಅವಳೇ ಹಿಂದಕ್ಕೆ ನುಂಗಿದಳು. ಆ ಮಾತುಗಳನ್ನು ಈ ಗಾಳಿಗೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಎಲ್ಲಕ್ಕಿಂತ ಕೆಳಗಿನ ಶೆಲ್ಫಿನಲ್ಲಿ ದೊಡ್ಡ ದೊಡ್ಡ ಡಬ್ಬಿಗಳಿದ್ದವು. ಮುಚ್ಚಳದ ಮೇಲೆ ನೀಲಿ ಹೂವಿನ ಚಿತ್ರ. ಆ ಹೂವನ್ನು ಹಾಸ್ಟೆಲಿನವರೆಲ್ಲ ಬಲ್ಲರು, ದಿನಾ ಮಧ್ಯಾಹ್ನ ಆ ಹೂವಿನ ಊಟದ ಡಬ್ಬಿ ಸಕ್ಕರೆ ಮೇಡಂ ಮೇಜಿನ ಮೇಲೆ ಇರುತ್ತಿತ್ತು. ಬೀಳ್ಕೊಡುಗೆಯ ಊಟದ ದಿನ, ಕೊನೆಯ ಪಂಕ್ತಿಯ ಹುಡುಗಿಯರಿಗೆ ಕೋಳಿ ಮುಗಿಯಿತು, ಕೇಕು ಮುಗಿಯಿತು ಎಂದು ಬರೀ ಅನ್ನ ಬಡಿಸಿದ್ದರು. ಕೋಳಿಯೂ ಕೇಕೂ ಇಲ್ಲಿದ್ದವು. ಯಾರ ಹೊಟ್ಟೆಗೂ ಹೋಗದೆ, ಒಂದರೊಳಗೊಂದು ಕರಗಿ, ಮೇಲೆ ಕಪ್ಪು ನೊಣ ಮುತ್ತಿ. ದೊಡ್ಡಕ್ಕ ಡಬ್ಬಿಗಳನ್ನು ತೊಳೆಯಲಿಲ್ಲ, ಹಾಗೇ ಚೀಲಕ್ಕೆ ಹಾಕಿದಳು.

ಚೀಲಗಳನ್ನು ಸೈಕಲ್ ನಿಲ್ಲಿಸುವ ಜಾಗದ ಹಿಂದೆ ಅಡಗಿಸಿಡಬೇಕೆಂದು ಅಪ್ಪಣೆಯಾಯಿತು. ಕಸದ ಗಾಡಿಗೂ ಬೇಸಿಗೆ ರಜೆ. ದೊಡ್ಡಕ್ಕ ಸೋಪು ಹಚ್ಚಿ ಹಚ್ಚಿ ಉಜ್ಜಿಕೊಂಡು ಸ್ನಾನ ಮಾಡಿ ಬರುವಷ್ಟರಲ್ಲಿ ಕರೆಂಟಣ್ಣ ಫ್ಯೂಸು ಹಾಕಿದ್ದ. ಫ್ರಿಜ್ಜು ಒಮ್ಮೆ ನಡುಗಿ ಗುಂಯ್‌ಗುಡತೊಡಗಿತು. ರೇಡಿಯೋ ಸೀಸೆಗಳನ್ನು ಒಂದೊಂದಾಗಿ ಒಳಗಿಟ್ಟು, ಬಾಗಿಲು ಮುಚ್ಚಿ, ಅದಕ್ಕೆ ಕೆನ್ನೆಯಾನಿಸಿ ನಿಂತಳು.

ಸಕ್ಕರೆ ಮೇಡಂ ಒಂದು ಬುಟ್ಟಿ ಸೇಬು ತಂದು ಮೇಲಿನ ಶೆಲ್ಫಿನಲ್ಲಿ ಚಂದವಾಗಿ ಜೋಡಿಸಿದರು. “ಇದು ನೋಡೋಕೆ ಮಕ್ಕಳೇ, ಕೈ ಹಾಕ್ಬೇಡಿ.”

ಜನ ಬಂದರು. ಇಟ್ಟ ಕುರ್ಚಿ, ಉರಿಯುವ ದೀಪ, ಬಾಗಿಲಿಗೆ ಕಟ್ಟಿದ್ದ ‘ಬೇಸಿಗೆಯಲ್ಲೂ ನಿಮ್ಮೊಂದಿಗೆ’ ಎಂಬ ಬಟ್ಟೆ, ಎಲ್ಲವನ್ನೂ ನೋಡಿದರು. ಮಗಳ ಕೈ ಬಿಡದೆ ಹಿಡಿದುಕೊಂಡಿದ್ದ ಒಬ್ಬ ತಾಯಿ ಮೆಲ್ಲಗೆ ಕೇಳಿದಳು: “ಹುಡುಗೀರಿಗೆ ಮೈಗೆ ಹುಷಾರಿಲ್ಲದೇ ಹೋದ್ರೆ ಏನ್ಮಾಡ್ತೀರಿ?”

ಸಕ್ಕರೆ ಮೇಡಂ ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆ ದೀಪ ಹತ್ತಿತು. ಸೇಬುಗಳ ಕೆಳಗೆ ಸೀಸೆಗಳು ಸಾಲಾಗಿ ಹೊಳೆದವು. “ನೋಡಿ. ಔಷಧಿ ಕೂಡ ನಾವೇ ಕಾಪಾಡ್ತೀವಿ. ಈ ಕಂದನದ್ದು. ಮನೇಲಿ ತಾಯಿ ಕೂಡ ಇಷ್ಟು ನೋಡ್ಕೊಳ್ಳಲ್ಲ.” ಹೇಳುತ್ತ ರೇಡಿಯೋಳ ತಲೆ ಸವರಿದರು. ಅವರ ಕೈಯಿಂದ ಹೂವಿನ ಅತ್ತರಿನ ಪರಿಮಳ ಬಂತು. ದೊಡ್ಡಕ್ಕ, ಬೆಳಿಗ್ಗೆ ಬಾಗಿಲಲ್ಲಿ ಸರಿದಂತೆ, ಒಂದು ಹೆಜ್ಜೆ ಹಿಂದೆ ಸರಿದಳು. ಆ ತಾಯಿ ಸಮಾಧಾನದ ಉಸಿರು ಬಿಟ್ಟು ಮಗಳ ಕೈ ಸಡಿಲಿಸಿದಳು.

ಬಂದವರ ಕಾರುಗಳು ಗೇಟು ದಾಟಿದ್ದೇ ತಡ, ಸೇಬುಗಳು ಬುಟ್ಟಿ ಸೇರಿ ಆಫೀಸಿಗೆ ಹೋದವು. ಅವುಗಳ ಹಿಂದೆಯೇ ಕರೆಂಟಣ್ಣ ಬಂದ.

“ಏನಣ್ಣ?” ಎಂದಳು ದೊಡ್ಡಕ್ಕ.

“ಫ್ಯೂಸು ತೆಗೀಬೇಕಮ್ಮ.”

“ಔಷಧಿ ಇದೆ ಒಳಗೆ. ಮೇಡಂ ಮಾತು ಕೊಟ್ಟಿದಾರೆ.”

“ಕರೆಂಟ್ ಹಾಕಿಸ್ತೀನಿ ಅಂದಿದ್ರು. ಹಾಕಿಸಿದ್ರು. ಹಾಕೇ ಇಟ್ಟಿರ್ತೀನಿ ಅಂದಿದ್ರಾ?” ಕರೆಂಟಣ್ಣ ಅವಳ ಮುಖ ನೋಡದೆ ಹೇಳಿದ. “ನನ್ನ ಮೇಲೆ ಸಿಟ್ಟಾಗಬೇಡಿ ತಾಯಿ. ನಾನು ಫ್ಯೂಸು ಕೀಳೋನು ಅಷ್ಟೇ. ಆಮೇಲೆ ಆ ಚೀಲಗಳ್ನ ಗೇಟಿನ ತೊಟ್ಟಿಗೆ ಹಾಕಿಬಿಡ್ಬೇಕಂತೆ. ಆಫೀಸಿನ ಕಡೆಗೆ ಗಾಳಿ ಬೀಸ್ತಾ ಇದೆಯಂತೆ.”

ಗುಂಯ್ ಸದ್ದು ನಿಂತಿತು. ನಿಂತಮೇಲಷ್ಟೇ ಅದು ಎಷ್ಟು ದೊಡ್ಡ ಸದ್ದಾಗಿತ್ತೆಂದು ತಿಳಿಯಿತು.

ದೊಡ್ಡಕ್ಕ ಚೀಲಗಳತ್ತ ಹೋದಳು. ಹೇಳಿದ್ದನ್ನು ಮಾಡುವುದು ಅವಳ ಸ್ವಭಾವವಾಗಿಬಿಟ್ಟಿತ್ತು. ಉರಿಬಿಸಿಲಲ್ಲಿ ಒಂದೊಂದನ್ನೇ ಎಳೆದು ತೊಟ್ಟಿಗೆ ಹಾಕಿದಳು. ಕೊನೆಯದನ್ನು ಎತ್ತುವಾಗ ತಳ ಹರಿಯಿತು. ಕೋಳಿ, ಕೇಕು, ಮೀನಿನ ನೀರು ಎಲ್ಲ ಎದೆಯಿಂದ ಮೊಣಕಾಲಿನವರೆಗೆ ಇಳಿಯಿತು. ತೋಳಿನ ಮೇಲೆ ಏನೋ ಹರಿದಾಡಿತು. ಕೊಡವಿದಳು. ನೀಲಿ ಹೂವಿನ ಮುಚ್ಚಳವೊಂದು ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು.

ಅಡುಗೆಕೋಣೆಗೆ ಮರಳಿದಾಗ ರೇಡಿಯೋ ಫ್ರಿಜ್ಜಿಗೆ ಬೆನ್ನಾನಿಸಿ ನೆಲದ ಮೇಲೆ ಕೂತಿದ್ದಳು. ಸೀಸೆಗಳು ಮಡಿಲಲ್ಲಿದ್ದವು. ತುಟಿ ಬಿರಿದಿತ್ತು. ದೊಡ್ಡಕ್ಕನ ಅವತಾರ ನೋಡಿಯೂ ಅವಳ ಬಾಯಿಂದ ಒಂದು ಮಾತು ಬರಲಿಲ್ಲ.

ದೊಡ್ಡಕ್ಕ ಸ್ನಾನದ ಮನೆಯ ಕಡೆಗೆ ತಿರುಗಿದಳು. ನಲ್ಲಿಯನ್ನೂ ತಿರುಗಿಸಿದಳು. ನೀರು ಬೆರಳಿಗೆ ತಾಕುವ ಮುಂಚೆ ನಿಲ್ಲಿಸಿ ಹಿಂದಕ್ಕೆ ಬಂದಳು. ಒಂದು ಸ್ವಚ್ಛ ಬಟ್ಟೆಯಲ್ಲಿ ಸೀಸೆಗಳನ್ನು ಸುತ್ತಿಕೊಂಡು, “ಏಳು, ನಿಧಾನಕ್ಕೆ ಬಾ” ಎಂದು ಹೇಳಿ ಮುಂದೆ ನಡೆದಳು.

ಆಫೀಸಿನೊಳಗೆ ತಂಪಿತ್ತು. ಸಕ್ಕರೆ ಮೇಡಂ ಸೇಬು ಕತ್ತರಿಸುತ್ತಿದ್ದರು. ತಲೆ ಎತ್ತುವ ಮೊದಲೇ ವಾಸನೆ ಅವರನ್ನು ಮುಟ್ಟಿತು. ಚಾಕು ಕೆಳಗೆ ಬಿತ್ತು.

“ಅಲ್ಲೇ ನಿಲ್ಲು ಕಂದಾ. ಏನಿದು? ಹೋಗು, ಮೊದಲು ಸ್ನಾನ ಮಾಡ್ಕೊಂಡು ಬಾ, ಆಮೇಲೆ ಮಾತಾಡೋಣ.”

“ಅಷ್ಟೊತ್ತಿಗೆ ಈ ಔಷಧಿ ಬಿಸಿಗೆ ಕೆಡತ್ತೆ ಮೇಡಂ,” ಎಂದಳು ದೊಡ್ಡಕ್ಕ. ಒಂದು ಹೆಜ್ಜೆ ಒಳಗಿಟ್ಟಳು. ಮೇಡಂ ಕೂತಿದ್ದ, ಗಾಲಿಗಳಿದ್ದ ಆಫೀಸಿನ ಕುರ್ಚಿ ಅಷ್ಟೇ ಹಿಂದಕ್ಕೆ ಹೋಯಿತು. ಇನ್ನೊಂದು ಹೆಜ್ಜೆಗೆ ಅದು ಗೋಡೆಗೆ ತಾಗಿತು.

“ನಾನು ಹೇಳಿದ್ದೆ, ಅದು ಆಫೀಸಿನ...” ಉಳಿದದ್ದು ಕರವಸ್ತ್ರದೊಳಗೆ ಹೋಯಿತು. ಓಕರಿಕೆ ತಡೆದುಕೊಳ್ಳುತ್ತ, ಗೋಡೆ ಸವರಿಕೊಂಡೇ ಅವರು ಬಾಗಿಲಿನ ಕಡೆಗೆ ಸರಿದರು.

ದೊಡ್ಡಕ್ಕ ಪುಟ್ಟ ಫ್ರಿಜ್ಜಿನ ಬಾಗಿಲು ತೆರೆದಳು. ಸೇಬುಗಳು, ನೀರಿನ ಬಾಟಲಿ, ಮುಖಕ್ಕೆ ಹಚ್ಚುವ ಯಾವುದೋ ಕ್ರೀಮು. ಸೇಬುಗಳನ್ನು ಮೊಣಕೈಯಿಂದ ಒಂದು ಬದಿಗೆ ತಳ್ಳಿ, ಬಟ್ಟೆಯ ಗಂಟನ್ನು ನಡುವೆ ಇಟ್ಟಳು. ಬಾಗಿಲು ಮುಚ್ಚಿ ಎದುರಿನ ಕುರ್ಚಿಯಲ್ಲಿ ಕೂತಳು.

“ಸಂಜೆಗೂ ಬೇಕು, ಬೆಳಿಗ್ಗೇನೂ ಬೇಕು ಅವಳಿಗೆ. ಆಫೀಸಿನ ಕೀಲಿ ಕೊಟ್ಟುಹೋಗಿ. ಕೊಡೋ ತನಕ ಇಲ್ಲೇ ಇರ್ತೀನಿ.”

ಸಕ್ಕರೆ ಮೇಡಂ ಹೊಸ್ತಿಲಿನಾಚೆಯಿಂದ ಅವಳನ್ನು ನೋಡಿದರು. ತೋಳಿನಿಂದ ಒಂದು ಹನಿ ಹೊಳೆಯುವ ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ಕೊನೆಗೆ ಕೀಲಿ ಒಳಗೆ ಹಾರಿ ಬಂದು ಮೇಜಿನ ಕಾಲಿಗೆ ಬಡಿದು ನಿಂತಿತು. ಅದರ ಜೊತೆ ಕಂದಾ ಎಂಬ ಮಾತು ಬರಲಿಲ್ಲ.

ರೇಡಿಯೋ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಕೀಲಿಯನ್ನು ನೋಡಿದಳು, ಕಿಟಕಿಯಾಚೆ ‘ಬೇಸಿಗೆಯಲ್ಲೂ ನಿಮ್ಮೊಂದಿಗೆ’ ಎಂಬ ಬಟ್ಟೆಯ ಕೆಳಗೆ, ಬಿಸಿಲಿನಲ್ಲಿ, ಮೂಗು ಮುಚ್ಚಿಕೊಂಡು ನಿಂತಿದ್ದ ಸಕ್ಕರೆ ಮೇಡಂ ಅವರನ್ನು ನೋಡಿದಳು.

“ಅಕ್ಕ,” ಎಂದಳು, “ನೀನು ನಾರ್ತಾ ಇದೀಯ.”

“ಗೊತ್ತು. ಕೂತ್ಕೋ.”

ರೇಡಿಯೋ ಪಕ್ಕದ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಇಬ್ಬರ ಎದುರಿಗೂ ಆ ಪುಟ್ಟ ಪೆಟ್ಟಿಗೆ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಬೆಳಿಗ್ಗೆ ನುಂಗಿದ್ದ ಅಜ್ಜಿಯ ಪದ್ಯಕ್ಕೆ ದೊಡ್ಡಕ್ಕನ ತುಟಿಗಳು ಸದ್ದಿಲ್ಲದೆ ಆಡತೊಡಗಿದವು.