ಪ್ರಫುಲ್ಲಾಳ ಕಾರಿನ ಮೀಟರು

ನಾನು ಒಂದು ಆರ್‌ಪಿಎಂ ಮೀಟರು. ಕಾರಿನ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದು ನನ್ನ ಕೆಲಸ. ಅಂಗೈಯಗಲದ ಕಪ್ಪು ಮುಖ, ಒಂದೇ ಒಂದು ಬಿಳಿ ಮುಳ್ಳು. ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಹೆಂಗಸೊಬ್ಬಳು ನನಗೆ ಮುಳ್ಳು ಕೂರಿಸಿ, ಉಫ್ ಎಂದು ಊದಿ ಧೂಳು ಹಾರಿಸಿ, ಗಾಜು ಮುಚ್ಚಿದಳು. ಅಲ್ಲಿಂದ ನನ್ನ ಬದುಕು ಶುರು.

ನನ್ನನ್ನು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿಗೆ ಜೋಡಿಸಿದರು. ಹೆಂಚಿನ ಕಾರ್ಖಾನೆಯ ದೊರೆಯೊಬ್ಬನ ಜೊತೆ ಕಾರು ಹಡಗೇರಿ ಮಂಗಳೂರಿಗೆ ಬಂತು. ದೊರೆ ಸ್ವದೇಶಕ್ಕೆ ಮರಳುವಾಗ ಅದನ್ನು ಒಬ್ಬ ವಕೀಲರಿಗೆ ಮಾರಿದ. ಇಬ್ಬರಿಗೂ ನಾನು ಬೇಕಿರಲಿಲ್ಲ. ಎಂಜಿನ್ ಗುರ್ರೆಂದರೆ ಗೇರು ಬದಲಿಸಬೇಕೆಂದು ಅವರ ಕಿವಿಗೇ ತಿಳಿಯುತ್ತಿತ್ತು. ನಾನಿದ್ದದ್ದೂ ಎಡ ತುದಿಯಲ್ಲಿ, ಪಕ್ಕದ ಸೀಟಿನ ಎದುರು. ವಕೀಲರು ಮೀಸೆ ತಿದ್ದಿಕೊಳ್ಳುವಾಗ ಮಾತ್ರ ನನ್ನ ಗಾಜಿನಲ್ಲಿ ಇಣುಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಟಾರ್ಪಾಲಿನ ಕೆಳಗೆ ಕಳೆದೆ. ಒಂದು ಇಲಿ ನನ್ನ ಬೆನ್ನ ಹಿಂದೆ ಮೂರು ಸಲ ಮರಿ ಹಾಕಿತು.

ಟಾರ್ಪಾಲು ಎತ್ತಿದವರು ಕೃಷ್ಣಾನಂದ ಪ್ರಭುಗಳು. ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಹಳೆಯ ಕಾರೆಂದರೆ ಜೀವ. ನಾಲ್ಕು ವರ್ಷ ಪಟ್ಟು ಹಿಡಿದು ನಮ್ಮನ್ನು ಮೊದಲಿನ ರೂಪಕ್ಕೆ ತಂದರು. ಹಳೆಯ ಕಾರುಗಳ ಸ್ಪರ್ಧೆಯಲ್ಲಿ, ಮೂಲ ರೂಪ ಉಳಿಸಿಕೊಂಡ ಕಾರೆಂದು ಸತತ ಎರಡು ವರ್ಷ ಬಹುಮಾನ ಬಂತು.

ಅವರ ಒಬ್ಬಳೇ ಮಗಳು ಪ್ರಫುಲ್ಲಾ. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಿವಿ ಪೂರ್ತಿ ಹೋಗಿತ್ತು. ಮಾತು ಉಳಿದಿತ್ತು, ಎದುರಿನವರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದಳು. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅವಳು ನಮ್ಮ ಕಾರು ಕಲಿಯಲು ಕೂತಳು. ಎಂಜಿನ್ನಿನ ಸದ್ದು ಅವಳಿಗೆ ಕೇಳುವಂತಿಲ್ಲ. ಅದಕ್ಕೆ ಪ್ರಭುಗಳು ಪಕ್ಕದಲ್ಲಿ ಕೂತು ತೋಳು ತಟ್ಟುತ್ತಿದ್ದರು: ಒಂದು ಸಲ ತಟ್ಟಿದರೆ ಗೇರು ಮೇಲಕ್ಕೆ, ಎರಡು ಸಲ ತಟ್ಟಿದರೆ ಕೆಳಕ್ಕೆ.

ಒಂದು ಬೆಳಿಗ್ಗೆ ಅವಳು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. “ಪಪ್ಪಾ, ನೀವು ತಟ್ಟುವುದಾದ್ರೆ ಕಾರು ಓಡಿಸುವುದು ನೀವೇ ಅಲ್ವಾ? ನಾನು ಸುಮ್ಮನೆ ಸ್ಟಿಯರಿಂಗ್ ಹಿಡಿದದ್ದು.” ಆಮೇಲೆ ನನ್ನತ್ತ ಬೆರಳು ತೋರಿಸಿದಳು. “ಈ ಮೀಟರನ್ನು ನನ್ನೆದುರು ತನ್ನಿ. ಗೇರು ಬದಲಿಸುವ ಜಾಗಕ್ಕೆ ಬಣ್ಣ ಹಾಕಿಸಿ. ಕಣ್ಣಲ್ಲೇ ನೋಡ್ಕೊಳ್ತೇನೆ.”

“ಎಂತ ಮಾತಾಡ್ತಿ ಮಗಾ! ಒಂದು ಸ್ಕ್ರೂ ಬದಲಾದ್ರೂ ಪ್ರೈಜ್ ಇಲ್ಲ.”

ಅವಳು ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಇಳಿದು ಹೋದಳು. ಮೂರು ವಾರ ಕಾರಿನ ಹತ್ತಿರ ಸುಳಿಯಲಿಲ್ಲ. ಪ್ರಭುಗಳು ದಿನಾ ಬಂದು ಡ್ರೈವರ್ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಒಂದು ಭಾನುವಾರ ಅವರೇ ಸ್ಕ್ರೂ ಬಿಚ್ಚಿ, ನನ್ನನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ವಾಚು ರಿಪೇರಿಯ ಉಮಾನಾಥ ಆಚಾರ್ಯರ ಮೇಜಿನ ಮೇಲಿಟ್ಟರು.

“ಖಂಡಿತವಾ ಪ್ರಭುಗಳೇ?” ಆಚಾರ್ಯರು ಕಣ್ಣಿನ ಭೂತಗನ್ನಡಿ ತೆಗೆದು ಕೇಳಿದರು. “ಮತ್ತೆ ಮೊದಲಿನ ಹಾಗೆ ಮಾಡ್ಲಿಕ್ಕೆ ಆಗುದಿಲ್ಲ.”

“ಮಾಡಿ,” ಎಂದರು ಪ್ರಭುಗಳು. ಅಷ್ಟೇ ಹೇಳಿ ಬೀದಿಯ ಕಡೆ ತಿರುಗಿ ನಿಂತರು.

ಕೂದಲೆಳೆಯ ಕುಂಚ ನನ್ನ ಮುಖದ ಮೇಲೆ ಓಡಿತು. ಗೇರು ಏರಿಸುವ ಜಾಗಕ್ಕೆ ಹಸಿರು ಪಟ್ಟಿ, ಇಳಿಸುವಲ್ಲಿ ಹಳದಿ, ಅಪಾಯಕ್ಕೆ ಕೆಂಪು. ಮುಳ್ಳಿಗೆ ಹೊಳೆಯುವ ಕಿತ್ತಳೆ ಬಣ್ಣ. ಸ್ಟಿಯರಿಂಗಿನ ಹಿಂದಿದ್ದ ಗಡಿಯಾರವೂ ನಾನೂ ಜಾಗ ಬದಲಾಯಿಸಿಕೊಂಡೆವು. ಪ್ರಫುಲ್ಲಾ ಬಂದು ಕೂತು ನನ್ನನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಮರುವರ್ಷ ಹಳೆಯ ಕಾರುಗಳೆಲ್ಲ ಮಂಗಳೂರಿನಿಂದ ಮಣಿಪಾಲಕ್ಕೆ ಓಡುವ ರ್‍ಯಾಲಿ. ಬಹುಮಾನ ಬರುವುದಿಲ್ಲವೆಂದು ಗೊತ್ತಿದ್ದೂ ಪ್ರಭುಗಳು ಮಗಳ ಹೆಸರು ಕೊಟ್ಟು, ತಾವು ಪಕ್ಕದಲ್ಲಿ ಕೂತರು. ಉಡುಪಿ ದಾಟಿ ಮಣಿಪಾಲದ ಏರು ಹತ್ತುವಾಗ ಎಂಜಿನ್ನಿನಿಂದ ನನಗೆ ಬರುವ ಕೇಬಲು ಪಟ್ಟೆಂದು ತುಂಡಾಯಿತು. ನನ್ನ ಮುಳ್ಳು ಸೊನ್ನೆಗೆ ಬಿತ್ತು. ಹಿಂದೆ ಸಾಲು ಸಾಲು ವಾಹನ. ಇಷ್ಟು ನಂಬಿದವಳಿಗೆ ನಡುದಾರಿಯಲ್ಲಿ ಕೈಕೊಟ್ಟೆನಲ್ಲ ಎಂದು ಸಂಕಟವಾಯಿತು.

ಪ್ರಭುಗಳ ಕೈ ಅವಳ ತೋಳಿನವರೆಗೂ ಹೋಯಿತು. ಪ್ರಫುಲ್ಲಾ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಎಡ ಅಂಗೈಯನ್ನು ಗೇರಿನ ಗುಂಡಿಯ ಮೇಲೆ ಒತ್ತಿ ಹಿಡಿದು, ರಸ್ತೆಯತ್ತ ಕಣ್ಣು ನೆಟ್ಟಳು. ಎಂಜಿನ್ನಿನ ನಡುಕ ಅವಳ ಅಂಗೈಗೆ ಬಂತು. ನಡುಕ ಒರಟಾದ ಕ್ಷಣದಲ್ಲಿ ಅವಳು ಸರಿಯಾಗಿ ಗೇರು ಇಳಿಸಿದಳು. ಕಾರು ತಡವರಿಸದೆ ಏರು ಹತ್ತಿತು. ಪ್ರಭುಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಮೇಲೆ ತಲುಪಿದಾಗ ಅವರ ಕಣ್ಣು ಒದ್ದೆಯಾಗಿತ್ತು.

“ಮೀಟರು ಸತ್ತದ್ದು ಗೊತ್ತಾಗ್ಲಿಲ್ವಾ ನಿನಗೆ?” ಎಂದು ಅವಳಿಗೆ ಕಾಣುವಂತೆ ತುಟಿಯಾಡಿಸಿದರು.

“ಗೊತ್ತಾಯ್ತು,” ಎಂದು ಅವಳು ನನ್ನ ಗಾಜನ್ನು ಬೆರಳಿಂದ ಒರೆಸಿದಳು. “ಇದನ್ನು ನೋಡಿ ನೋಡಿಯೇ ಕೈಗೆ ನಡುಕದ ಗುರುತು ಸಿಕ್ಕಿದ್ದು. ನಾಳೆಯೇ ಹೊಸ ಕೇಬಲ್ ಹಾಕಿಸುವ.”

ಈಗ ನನಗೆ ವಯಸ್ಸಾಗಿದೆ. ಮುಳ್ಳು ಚಳಿಗೆ ಸ್ವಲ್ಪ ನಡುಗುತ್ತದೆ. ಹಸಿರು ಪಟ್ಟಿಗೆ ಎರಡು ಸಲ ಮರುಬಣ್ಣ ಬಿದ್ದಿದೆ. ಪ್ರಫುಲ್ಲಾ ಕಿವಿ ಕೇಳದವರಿಗೆ ಕಾರು ಕಲಿಸುತ್ತಾಳೆ. ಅವಳ ಈಗಿನ ಶಿಷ್ಯೆ ಜುಲೇಖಾ ಎಂಬ ದರ್ಜಿ, ನಲವತ್ತು ದಾಟಿದವಳು. ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಾಳೆ. ನಾನೂ ತಪ್ಪದೆ ತೋರಿಸುತ್ತೇನೆ. ಒಂದು ದಿನ ಅವಳೂ ನನ್ನನ್ನು ಮರೆತು ರಸ್ತೆಯನ್ನಷ್ಟೇ ನೋಡುತ್ತಾ ಓಡಿಸಬೇಕು. ಅದನ್ನು ನೋಡಲೆಂದೇ ಕಾದಿದ್ದೇನೆ.